ಕರೆದರೂ ಬಾರದ ಕಡತ



ಹರಪನಹಳ್ಳಿಯ ವಯೋವೃದ್ಧರೊಬ್ಬರನ್ನು ‘ನಿಮ್ಮ ಊರು ಯಾವ ಜಿಲ್ಲೆಯದು?’ ಎಂದು ಕೇಳಿ ನೋಡಿ. ಅವರು ಒಂದು ಕ್ಷಣ ತಡೆದು, ‘ಯಾವಾಗಿನ ಮಾತು ಕೇಳ್ತೀರಿ?’ ಎಂದಾರು. ಅವರು ಹುಟ್ಟಿದಾಗ ಅದು ಮದರಾಸು ಆಡಳಿತಕ್ಕೊಳಪಟ್ಟ ಬಳ್ಳಾರಿ ಜಿಲ್ಲೆಯ ಊರು. 1953ರ ಅಕ್ಟೋಬರ್ 1ರಂದು ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರೇ ಕರ್ನಾಟಕವಾಯಿತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ತಾಲ್ಲೂಕು ಅತ್ತ ಹೋಯಿತು; 2018ರಲ್ಲಿ ಬಳ್ಳಾರಿಗೆ ಮರಳಿ ಬಂದಿತು; 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿಗಳ ಜೊತೆಗೆ ಅದರೊಳಗೆ ಬಂದು ಕೂತಿತು. ಇಷ್ಟೆಲ್ಲ ಆಗುವಾಗ ಊರಿನ ಕೆರೆ ಕದಲಲಿಲ್ಲ, ಪೇಟೆ ಕದಲಲಿಲ್ಲ. ಬದಲಾದದ್ದು ವಿಳಾಸ ಮಾತ್ರ.

ಕಂಪ್ಯೂಟರಿನ ವಿಷಯ ಹೇಳಲು ಬಂದವನು ಜಿಲ್ಲೆಗಳ ಚರಿತ್ರೆಗೆ ಕೈಹಾಕಿದನಲ್ಲ ಎಂದು ತಾವು ಆಕ್ಷೇಪಿಸಬಹುದು. ನಾನು ಹೇಳಬೇಕೆಂದಿರುವುದೂ ವಿಳಾಸದ ವಿಷಯವೇ. ಹಗರಿಬೊಮ್ಮನಹಳ್ಳಿಯಲ್ಲಿ ಸಂಜೆಯ ಹೊತ್ತು ನಾನು ಕೆಲವು ವಿದ್ಯಾರ್ಥಿಗಳಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಹೇಳಿಕೊಡುತ್ತೇನೆ. ಸುತ್ತಲಿನ ತಾಲ್ಲೂಕುಗಳಿಂದ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರು. ಅವರು ನನ್ನ ಮುಂದೆ ತಂದಿಡುವ ತೊಡಕುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬರುವುದು ಒಂದೇ: ಕರೆದ ಕಡತ ಬರಲಿಲ್ಲ ಎಂಬ ದೂರು. ತೆರೆಯ ಮೇಲೆ ಅದು ‘ಮಾಡ್ಯೂಲ್ ನಾಟ್ ಫೌಂಡ್ ಎರರ್’ ಎಂಬ ಕೆಂಪಕ್ಷರದ ಸಾಲಾಗಿ ಕಾಣಿಸಿಕೊಳ್ಳುತ್ತದೆ.

ಕಂಪ್ಯೂಟರಿನ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಮದುವೆಯ ಮನೆಗೆ ದೊಡ್ಡ ಹಂಡೆ ಬೇಕಾದರೆ ಯಾರೂ ಹಂಡೆ ಮಾಡಿಸಲು ಹೊರಡುವುದಿಲ್ಲ. ಮಠದಿಂದಲೋ ಓಣಿಯ ಹಿರಿಯರ ಮನೆಯಿಂದಲೋ ತರುತ್ತಾರೆ. ಕಂಪ್ಯೂಟರಿಗೆ ಆದೇಶ ಬರೆಯುವವನೂ ಹಾಗೆಯೇ. ವರ್ಗಮೂಲ ಕಂಡುಹಿಡಿಯುವುದು, ಚಿತ್ರ ಬಿಡಿಸುವುದು, ಸಾವಿರಾರು ಸಾಲುಗಳ ಲೆಕ್ಕದ ಪಟ್ಟಿ ಓದುವುದು, ಇವನ್ನೆಲ್ಲ ಬೇರೆಯವರು ಮೊದಲೇ ಬರೆದು ಕಡತಗಳಲ್ಲಿ ಇಟ್ಟಿದ್ದಾರೆ. ಅಂಥ ಒಂದು ಕಡತವೇ ಮಾಡ್ಯೂಲು. ‘ಇಂಪೋರ್ಟ್’ ಎಂಬ ಪದವನ್ನೂ ಕಡತದ ಹೆಸರನ್ನೂ ಬರೆದರೆ ಯಂತ್ರ ಹೋಗಿ ಅದನ್ನು ಕರೆತರುತ್ತದೆ. ಹಾಲೆಂಡಿನ ಗೀಡೊ ವಾನ್ ರಾಸಮ್ ಎಂಬವರು 1991ರಲ್ಲಿ ಪೈಥಾನನ್ನು ಲೋಕಕ್ಕೆ ಬಿಟ್ಟರು. ಹೆಸರು ಹೆಬ್ಬಾವಿನದಲ್ಲ, ಬಿಬಿಸಿಯ ಒಂದು ಹಾಸ್ಯ ಕಾರ್ಯಕ್ರಮದ್ದು. ಈ ಭಾಷೆಯ ಜನಪ್ರಿಯತೆಗೆ ಒಂದು ದೊಡ್ಡ ಕಾರಣವೇ ಹೀಗೆ ಎರವಲು ತರಲು ಸಿಗುವ ಕಡತಗಳ ಸಮೃದ್ಧಿ. ಎರವಲಿನ ವ್ಯವಹಾರವಾದ್ದರಿಂದ ಜಗಳವೂ ಅಲ್ಲಿಯೇ.

ಈಗ ಕೂಡ್ಲಿಗಿ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿಯ ಮಾತು ಹೇಳುತ್ತೇನೆ. ಬಿಸಿಎ ತರಗತಿಯವಳು. ತಂದೆ ಮಳೆಯನ್ನು ನಂಬಿ ಶೇಂಗಾ ಬೆಳೆಯುವವರು. ಕಾಲೇಜಿನ ಯಂತ್ರದಲ್ಲಿ ಸರಾಗವಾಗಿ ನಡೆದ ಅವಳ ಪ್ರಾಜೆಕ್ಟು ಮನೆಯ ಲ್ಯಾಪ್‌ಟಾಪಿನಲ್ಲಿ ನಡೆಯಲೊಲ್ಲದು. ಒಪ್ಪಿಸುವುದಕ್ಕೆ ಮೂರು ದಿನ ಉಳಿದಿತ್ತು. ಪಾಂಡಾಸ್ ಎಂಬ, ಪಟ್ಟಿಗಳನ್ನು ಓದುವ ಕಡತಸಮೂಹವನ್ನು ಅವಳು ಮೊಬೈಲಿನ ಡೇಟಾ ಖರ್ಚು ಮಾಡಿ ನಾಲ್ಕು ಬಾರಿ ಇಳಿಸಿಕೊಂಡಿದ್ದಳು.

‘ಏನಮ್ಮಾ, ಏನೆಂದು ಬರುತ್ತದೆ?’ ಎಂದೆ.

‘ಇಲ್ಲ ಅಂತೈತ್ರಿ ಸರ್. ನಾಕು ಸಲ ಹಾಕೀನಿ, ನಾಕು ಸಲಾನೂ ಇಲ್ಲ ಅಂತೈತಿ. ಇದು ನನ್ನ ಕೈಲೆ ಆಗೋದಲ್ರಿ. ಬಿಟ್ಟುಬಿಡ್ತೀನಿ.’

ಜೊತೆಗೆ ಬಂದಿದ್ದ ತಂದೆ ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದರು. ಒಳಗೆ ಬಂದು, ‘ಮಾಸ್ತರ, ಮಷಿನ್ ಕೆಟ್ಟೈತೋ, ನಮ್ಮ ಹುಡುಗಿಗೆ ಬರಂಗಿಲ್ಲೋ, ಎರಡರಾಗ ಒಂದು ಹೇಳಿಬಿಡ್ರಿ. ಮಷಿನ್ನಿಗೆ ಸಾಲ ಮಾಡೀನಿ’ ಎಂದರು.

ಎರಡೂ ಅಲ್ಲವೆಂದು ನಾನು ಹೇಳಿದೆ; ಆದರೆ ಹೇಳಿದರೆ ಸಾಲದು, ತೋರಿಸಬೇಕು. ಕೆಲಸ ನಡೆಸುತ್ತಿರುವ ಪೈಥಾನ್ ಎಲ್ಲಿಂದ ಬಂದದ್ದು ಎಂದು ಅದನ್ನೇ ಕೇಳುವ ಉಪಾಯವೊಂದಿದೆ. ‘ಸಿಸ್’ ಎಂಬ ಕಡತವನ್ನು ಕರೆದು ಅದರ ‘ಎಕ್ಸಿಕ್ಯೂಟಬಲ್’ ಎಂಬುದನ್ನು ಮುದ್ರಿಸಿದರೆ, ತಾನು ಯಾವ ಕೋಶದಲ್ಲಿ ವಾಸವಾಗಿದ್ದೇನೆಂದು ಅದು ಪೂರ್ಣ ವಿಳಾಸ ಕೊಡುತ್ತದೆ. ಆಮೇಲೆ, ಕಡತಗಳನ್ನು ಇಳಿಸಿ ತರುವ ‘ಪಿಪ್’ ಎಂಬ ಸೇವಕನ ವಿಳಾಸ ಕೇಳಿದೆವು. ಎರಡೂ ಬೇರೆ ಬೇರೆ. ಆ ಲ್ಯಾಪ್‌ಟಾಪಿನಲ್ಲಿ ಎರಡು ಪೈಥಾನ್‌ಗಳಿದ್ದವು: ಮೈಕ್ರೋಸಾಫ್ಟಿನ ಅಂಗಡಿಯಿಂದ ಬಂದು ಕೂತದ್ದೊಂದು, ಇವಳು ಪಾಠ ನೋಡಿ ಹಾಕಿಕೊಂಡದ್ದೊಂದು. ನಾಲ್ಕು ಬಾರಿ ತಂದ ಸಾಮಾನೂ ಮೊದಲನೆಯದರ ಉಗ್ರಾಣ ಸೇರಿತ್ತು. ಕೆಲಸ ಮಾಡುತ್ತಿದ್ದುದು ಎರಡನೆಯದು.

ತಂದೆಗೆ ಇದನ್ನು ಅಣ್ಣತಮ್ಮಂದಿರು ಬೇರೆಯಾದ ಮನೆಯ ಹೋಲಿಕೆಯಿಂದ ಹೇಳಿದೆ. ಅವರು ನನ್ನ ಮಾತು ಮುಗಿಯುವ ಮೊದಲೇ, ‘ಹಂಗಾರ ಸಂತಿ ಮಾಡಿ ತಂದದ್ದು ಅಣ್ಣನ ಮನ್ಯಾಗ ಐತಿ, ಒಲಿ ಹಚ್ಚಿದ್ದು ತಮ್ಮನ ಮನ್ಯಾಗ’ ಎಂದರು. ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಪರಿಹಾರ ಒಂದು ಸಾಲಿನದು. ಪಿಪ್ಪನ್ನು ಒಂಟಿಯಾಗಿ ಕರೆಯಬಾರದು. ಒಲೆ ಹಚ್ಚುವವನ ಹೆಸರು ಹಿಡಿದೇ ಕರೆಯಬೇಕು: ‘ಪೈಥಾನ್’, ಒಂದು ಖಾಲಿ ಜಾಗ, ಅಡ್ಡಗೆರೆ ಮತ್ತು ‘ಎಂ’, ಆಮೇಲೆ ‘ಪಿಪ್ ಇನ್‌ಸ್ಟಾಲ್’, ಕೊನೆಗೆ ಬೇಕಾದ ಸಾಮಾನಿನ ಹೆಸರು. ಹೀಗೆ ಬರೆದರೆ ಯಾವ ಪೈಥಾನನ್ನು ಕರೆದೆವೋ ಅದರ ಉಗ್ರಾಣಕ್ಕೇ ಸಾಮಾನು ಬೀಳುತ್ತದೆ. ಐದನೆಯ ಬಾರಿ ಹಾಗೆ ಮಾಡಿದೆವು. ಪ್ರಾಜೆಕ್ಟು ನಡೆಯಿತು. ಹುಡುಗಿ ಈಗ ಅಂತಿಮ ವರ್ಷದಲ್ಲಿದ್ದಾಳೆ.

ಇಲ್ಲಿ ಆ ಸಂದೇಶದ ಮೇಲೆ ನನಗೊಂದು ತಕರಾರುಂಟು. ವಿಳಾಸದಾರ ಸಿಗದಿದ್ದಾಗ ನಮ್ಮ ಅಂಚೆಯವನು ‘ಈ ವಿಳಾಸದಲ್ಲಿ ಇಂಥವರಿಲ್ಲ’ ಎಂದು ಬರೆದು ಕಾಗದ ಹಿಂದಿರುಗಿಸುತ್ತಾನೆ. ಪೈಥಾನ್ ಮಾತ್ರ ‘ಇಂಥವರು ಇಲ್ಲ’ ಎಂದಷ್ಟೇ ಹೇಳುತ್ತದೆ. ತಾನು ಎಲ್ಲೆಲ್ಲಿ ಹುಡುಕಿದೆನೆಂದು ಹೇಳುವುದಿಲ್ಲ. ನಗರದಲ್ಲಿ ಬೆಳೆದ ಹುಡುಗನಿಗೆ ಕೇಳಲು ಪಕ್ಕದಲ್ಲಿ ಯಾರಾದರೂ ಇರುತ್ತಾರೆ. ಹಳ್ಳಿಯ ಮನೆಯಲ್ಲಿ ರಾತ್ರಿ ಒಬ್ಬಳೇ ಕೂತವಳು, ಇಂಗ್ಲಿಷಿನ ಆ ‘ಇಲ್ಲ’ವನ್ನು ತನ್ನ ಯೋಗ್ಯತೆಯ ಮೇಲೆ ಬಂದ ತೀರ್ಪೆಂದು ಓದಿಕೊಳ್ಳುತ್ತಾಳೆ.

ಸಂದೇಶಗಳಲ್ಲಿ ಎರಡು ಬಗೆಯುಂಟು. ಅವನ್ನು ಬೇರ್ಪಡಿಸಿ ಓದಬೇಕು. ಮಾಡ್ಯೂಲ್ ಸಿಗಲಿಲ್ಲ ಎಂದರೆ ಮನೆಯೇ ಸಿಗಲಿಲ್ಲವೆಂದು ಅರ್ಥ. 2016ರ ಕೊನೆಗೆ ಬಂದ 3.6ನೆಯ ಆವೃತ್ತಿಯಿಂದ ಇದಕ್ಕೆ ಪ್ರತ್ಯೇಕ ಹೆಸರಿಟ್ಟರು. ‘ಕ್ಯಾನಾಟ್ ಇಂಪೋರ್ಟ್ ನೇಮ್’ ಎಂದಿದ್ದರೆ ಮನೆ ಸಿಕ್ಕಿತು, ಒಳಗೆ ಆ ಹೆಸರಿನವರಿಲ್ಲ ಎಂದು ಅರ್ಥ. ಮೊದಲನೆಯದಕ್ಕೆ ದಾರಿ ಪರೀಕ್ಷಿಸಬೇಕು, ಎರಡನೆಯದಕ್ಕೆ ಮನೆಯವರ ಪಟ್ಟಿಯನ್ನು. ಇದನ್ನು ಅರಿಯದೆ, ಯಾವ ದೂರು ಬಂದರೂ ‘ಎಲ್ಲ ತೆಗೆದು ಮತ್ತೆ ಹಾಕು’ ಎನ್ನುವ ಬೋಧಕರಿದ್ದಾರೆ. ಡೇಟಾ ಕೊಳ್ಳುವ ದುಡ್ಡು ಅವರ ಜೇಬಿನದಲ್ಲ.

ಇನ್ನು ಕೊಟ್ಟೂರಿಗೆ ಬರೋಣ. ಗುರು ಕೊಟ್ಟೂರೇಶ್ವರನ ಸೀಮೆಯಲ್ಲಿ ಕೊಟ್ರೇಶ ಎಂಬ ಹೆಸರಿಗೆ ಬರವಿಲ್ಲ. ಒಂದೇ ತರಗತಿಯಲ್ಲಿ ನಾಲ್ವರು ಕೊಟ್ರೇಶರು ಇರುವುದು ಸಾಮಾನ್ಯ. ಮೇಷ್ಟರು ‘ಕೊಟ್ರೇಶ’ ಎಂದು ಕೂಗಿದರೆ ಎದ್ದುನಿಲ್ಲುವವನು ಯಾರು? ಮೊದಲ ಬೆಂಚಿನವನು. ಬೇಕಾಗಿದ್ದವನು ಹಿಂದಿನ ಬೆಂಚಿನಲ್ಲಿದ್ದರೆ ಅವನಿಗೆ ಏಳುವ ಅವಕಾಶವೇ ಇಲ್ಲ.

ಪೈಥಾನ್ ಕಡತ ಹುಡುಕುವ ಕ್ರಮವೂ ಇದೇ. ‘ಸಿಸ್’ನ ‘ಪಾತ್’ ಎಂಬ ಪಟ್ಟಿಯೊಂದಿದೆ. ಅದರಲ್ಲಿ ಕೋಶಗಳ ಹೆಸರುಗಳು ಸಾಲಾಗಿ ಇರುತ್ತವೆ. ಮೊದಲು ನಾವು ನಡೆಸುತ್ತಿರುವ ಕಡತ ಇರುವ ಕೋಶ, ಆಮೇಲೆ ಭಾಷೆಯ ಜೊತೆಗೇ ಬಂದ ಕಡತಗಳ ಕೋಶ, ಕೊನೆಗೆ ಪಿಪ್ ತಂದುಹಾಕುವ ಉಗ್ರಾಣ. ಮೇಲಿನಿಂದ ಕೆಳಗೆ ನೋಡುತ್ತ ಹೋಗಿ, ಹೆಸರು ಸಿಕ್ಕಿದ ಮೊದಲ ಜಾಗದಲ್ಲಿಯೇ ಹುಡುಕಾಟ ನಿಲ್ಲುತ್ತದೆ. ನಮ್ಮ ಹುಡುಗನೊಬ್ಬ ಯಾದೃಚ್ಛಿಕ ಸಂಖ್ಯೆಗಳ ಅಭ್ಯಾಸ ಮಾಡುತ್ತ ತನ್ನ ಕಡತಕ್ಕೂ ‘ರ‍್ಯಾಂಡಮ್’ ಎಂದೇ ಹೆಸರಿಟ್ಟಿದ್ದ. ಭಾಷೆಯ ಜೊತೆಗೆ ಬಂದ ಕಡತದ ಹೆಸರೂ ಅದೇ. ಅವನ ಕಡತ ರ‍್ಯಾಂಡಮನ್ನು ಕರೆದಾಗ ಬಂದದ್ದು ತಾನೇ! ಮೊದಲ ಬೆಂಚಿನ ಕೊಟ್ರೇಶ ಎದ್ದುನಿಂತು, ‘ಲೆಕ್ಕ ನನಗೆ ಬರಲ್ಲ ಸರ್’ ಎಂದ ಹಾಗೆ. ಕಡತದ ಹೆಸರು ಬದಲಿಸಿದರೆ ತೀರಿತು. ಹಳೆಯದು ನೆನಪಿನಲ್ಲಿ ಉಳಿದಿರುವುದರಿಂದ ಕೆಲಸದ ಕಿಟಕಿಯನ್ನು ಒಮ್ಮೆ ಮುಚ್ಚಿ ತೆರೆಯುವುದು ಮಾತ್ರ ಅಗತ್ಯ. ಸಂತೋಷದ ಸಂಗತಿಯೆಂದರೆ 2024ರಲ್ಲಿ ಬಂದ 3.13ನೆಯ ಆವೃತ್ತಿ, ನಿನ್ನ ಕಡತದ ಹೆಸರೇ ಅಡ್ಡಬಂದಿದೆ, ಬದಲಿಸಿ ನೋಡು ಎಂದು ತಾನಾಗಿ ಸೂಚಿಸುತ್ತದೆ. ಯಂತ್ರಗಳೂ ನಿಧಾನವಾಗಿ ವಿನಯ ಕಲಿಯುತ್ತಿವೆ.

ಹೆಸರಿಗೆ ಮುಂಪದ ಸೇರಿಸಿ ಗೊಂದಲ ತಪ್ಪಿಸುವ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ಬೊಮ್ಮನಹಳ್ಳಿ ಬೆಂಗಳೂರಿನಲ್ಲೂ ಉಂಟು, ನಮ್ಮದು ಹಗರಿಬೊಮ್ಮನಹಳ್ಳಿ. ಹೂವಿನಹಡಗಲಿ ಬೇರೆ, ಅದೇ ತಾಲ್ಲೂಕಿನ ಹಿರೇಹಡಗಲಿ ಬೇರೆ. ಪೈಥಾನಿನಲ್ಲೂ ಕಡತಗಳನ್ನು ಒಂದು ಕೋಶದಲ್ಲಿಟ್ಟು, ಕೋಶದ ಹೆಸರು, ಒಂದು ಚುಕ್ಕೆ, ಕಡತದ ಹೆಸರು ಎಂದು ಕರೆಯಬಹುದು. ಆದರೆ ‘ಹಡಗಲಿ’ ಎಂದಷ್ಟೇ ಹೇಳಿ ಬಸ್ಸು ಹತ್ತಿದವನು ಎಲ್ಲಿಳಿದರೂ ನಿರ್ವಾಹಕನನ್ನು ಬೈಯುವಂತಿಲ್ಲ.

ಮನೆಯ ಹೆಸರು, ದಾಖಲೆಯ ಹೆಸರು ಬೇರೆಯಾಗಿರುವುದು ಮತ್ತೊಂದು ತೊಡಕು. ಮನೆಯಲ್ಲಿ ‘ಪುಟ್ಟ’ ಎಂದು ಕರೆಸಿಕೊಳ್ಳುವವನನ್ನು ಶಾಲೆಯ ಹಾಜರಿಯಲ್ಲಿ ಪುಟ್ಟ ಎಂದು ಹುಡುಕಿದರೆ ಸಿಗುವನೆ? ಚಿತ್ರಗಳನ್ನು ತಿದ್ದುವ ಕಡತಸಮೂಹವನ್ನು ‘ಪಿಐಎಲ್’ ಎಂದು ಕರೆಯುತ್ತೇವೆ. ಇಳಿಸಿಕೊಳ್ಳುವಾಗ ಅದರ ಹೆಸರು ‘ಪಿಲ್ಲೊ’. ‘ಸಿವಿ2’ ಎಂದು ಕರೆಯುವುದನ್ನು ತರಿಸುವಾಗ ‘ಓಪನ್‌ಸಿವಿ ಪೈಥಾನ್’ ಎನ್ನಬೇಕು. ಕರೆಯುವಾಗ ‘ಯಾಮಲ್’ ಆದದ್ದು ತರಿಸುವಾಗ ‘ಪೈಯಾಮಲ್’. ಇದಕ್ಕೆ ಸೂತ್ರವಿಲ್ಲ, ಆಯಾ ಸಮೂಹದ ಕೈಪಿಡಿಯ ಮೊದಲ ಪುಟ ನೋಡಬೇಕು. ಊಹೆಯಿಂದ ಹೆಸರು ಹೊಡೆಯುವುದು ಅಪಾಯಕರ. ಸಾರ್ವಜನಿಕ ಭಂಡಾರದಲ್ಲಿ ಯಾರು ಬೇಕಾದರೂ ತಮ್ಮ ಕಡತ ಇಡಬಹುದಾದ್ದರಿಂದ, ಪ್ರಸಿದ್ಧ ಹೆಸರುಗಳನ್ನು ಹೋಲುವ ಹೆಸರಿಟ್ಟು ಕೇಡಿನ ಕಡತ ಇಡುವವರಿದ್ದಾರೆ. 2017ರಲ್ಲಿ ಸ್ಲೊವಾಕಿಯಾ ದೇಶದ ಭದ್ರತಾ ಕಚೇರಿಯವರು ಇಂಥ 10 ನಕಲಿಗಳನ್ನು ಪತ್ತೆಹಚ್ಚಿ ಎಚ್ಚರಿಸಿದರು. ನಕಲಿ ಬಿತ್ತನೆ ಬೀಜದ ಅನುಭವವಿರುವ ನಮ್ಮ ರೈತರಿಗೆ ಚೀಲದ ಮೇಲಿನ ಹೆಸರನ್ನು ಅಕ್ಷರ ಬಿಡದೆ ಓದಿ ಎಂದು ಹೇಳಿಕೊಡಬೇಕಾಗಿಲ್ಲ. ಅವರ ಮಕ್ಕಳಿಗೆ ಹೇಳಬೇಕಾಗಿದೆ.

ಹರಪನಹಳ್ಳಿಯ ಮಾತಿಗೆ ಇಲ್ಲಿ ಅರ್ಥ ಬರುತ್ತದೆ. ಹಳೆಯ ಪುಸ್ತಕದಲ್ಲಿ ಕಂಡ ಸಾಲನ್ನು ಹೊಸ ಪೈಥಾನಿಗೆ ಕೊಟ್ಟರೆ, ಹರಪನಹಳ್ಳಿಗೆ ಇಂದಿಗೂ ‘ದಾವಣಗೆರೆ ಜಿಲ್ಲೆ’ ಎಂದು ಬರೆದ ಹಾಗಾಗುತ್ತದೆ. ವ್ಯತ್ಯಾಸವೆಂದರೆ ನಮ್ಮ ಅಂಚೆಯವನಿಗೆ ವಿವೇಕವಿದೆ, ಕಾಗದ ಮುಟ್ಟಿಸುತ್ತಾನೆ, ಯಂತ್ರಕ್ಕೆ ಅದಿಲ್ಲ. ಪೈಥಾನಿನ ಎರಡನೆಯ ಆವೃತ್ತಿಗೆ 2020ರ ಜನವರಿ 1ರಂದು ಆಧಾರ ನಿಂತಿತು. ಅದರಲ್ಲಿ ದೊಡ್ಡಕ್ಷರದಿಂದ ಆರಂಭವಾಗುತ್ತಿದ್ದ ‘ಟಿಕಿಂಟರ್’ ಮೂರನೆಯದರಲ್ಲಿ ಚಿಕ್ಕಕ್ಷರದಿಂದ ಆರಂಭವಾಗುತ್ತದೆ; ಅಷ್ಟಕ್ಕೇ ಅದು ಸಿಗುವುದಿಲ್ಲ. ‘ಯುಆರ್‌ಎಲ್‌ಲಿಬ್2’ ಎಂಬುದು ಒಡೆದು ಬೇರೆ ಹೆಸರುಗಳ ಒಳಗೆ ಹೋಯಿತು. 2023ರಲ್ಲಿ ಬಂದ 3.12ನೆಯ ಆವೃತ್ತಿ ‘ಡಿಸ್ಟ್‌ಯುಟಿಲ್ಸ್’ ಎಂಬ ಹಳೆಯ ಸಮೂಹವನ್ನೇ ಕೈಬಿಟ್ಟಿತು. ಅದನ್ನು ನಂಬಿದ್ದ ಎಷ್ಟೋ ಬರಹಗಳು ಒಂದೇ ಸಲಕ್ಕೆ ನಿಂತುಹೋದವು. ಆದ್ದರಿಂದ ಬರಹ ಯಾವ ಕಾಲದ್ದು, ಯಂತ್ರದಲ್ಲಿರುವ ಆವೃತ್ತಿ ಯಾವುದು ಎಂದು ಮೊದಲು ಕೇಳಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ.

ಈಗ ಹೇಳುವುದು ಕನ್ನಡದಲ್ಲಿ ಹೆಸರಿಡುವವರಿಗೆ ಒದಗಬಹುದಾದ ತೊಡಕು. ಇದು ನನ್ನ ಬಳಿಗೆ ಬಂದದ್ದು ಹೂವಿನಹಡಗಲಿಯಿಂದ. ಮಲ್ಲಿಗೆ ಬೆಳೆಯುವ ಮನೆತನದ ಯುವಕ. ದಿನವೂ ಎಷ್ಟು ಹೂ ಬಿಡಿಸಿತು, ಬಿಡಿಸಿದವರಿಗೆ ಎಷ್ಟು ಕೂಲಿ ಕೊಟ್ಟದ್ದು, ಯಾವ ಊರಿಗೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು ಅವನು ಪೈಥಾನಿನಲ್ಲಿ ಬರೆಯುತ್ತಿದ್ದ. ಹೆಸರುಗಳನ್ನೆಲ್ಲ ಕನ್ನಡದಲ್ಲೇ ಇಟ್ಟಿದ್ದ, ಏಕೆಂದರೆ ಲೆಕ್ಕ ನೋಡುವವರು ಅವನ ತಾಯಿ. ಮೂರನೆಯ ಪೈಥಾನ್ ಇದಕ್ಕೆ ಅವಕಾಶ ಕೊಡುತ್ತದೆ. ಕಡತದ ಹೆಸರೂ ಕನ್ನಡದಲ್ಲಿರಬಹುದು. ಅವನ ಒಂದು ಕಡತದ ಹೆಸರು ‘ತೋಟ’. ಕರೆದರೆ, ತೋಟ ಎಂಬ ಮಾಡ್ಯೂಲ್ ಇಲ್ಲ ಎಂದು ಯಂತ್ರ ಹೇಳುತ್ತಿತ್ತು. ಅದೇ ಕೋಶದಲ್ಲಿ, ಅದೇ ಹೆಸರಿನಲ್ಲಿ ಕಡತ ಕಣ್ಣೆದುರೇ ಇತ್ತು!

ಇದರ ಮರ್ಮ ‘ತೋ’ ಎಂಬ ಅಕ್ಷರದಲ್ಲಿತ್ತು. ಯುನಿಕೋಡ್ ಪದ್ಧತಿಯಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಒಕಾರದ ಚಿಹ್ನೆಯ ಮುಂದೆ ದೀರ್ಘದ ಚಿಹ್ನೆಯನ್ನು ಬೇರೆಯಾಗಿ ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ ‘ತೋ’. ಯಂತ್ರಕ್ಕೆ ಎರಡು ಬೇರೆ ಪದ. ನಾವು ಬರೆದ ಸಾಲಿನಲ್ಲಿರುವ ಹೆಸರನ್ನು ಪೈಥಾನ್ ಮೊದಲು ಕೂಡಿಸಿ, ಒಂದೇ ಸಂಕೇತದ ರೂಪಕ್ಕೆ ತಂದುಕೊಂಡು ಹುಡುಕಲು ಹೊರಡುತ್ತದೆ. ಕೋಶದಲ್ಲಿರುವ ಕಡತದ ಹೆಸರನ್ನು ಮಾತ್ರ ಇದ್ದ ಹಾಗೆಯೇ ಓದುತ್ತದೆ. ಆ ಯುವಕ ಕಡತದ ಹೆಸರನ್ನು ಹಳೆಯ ಅಕ್ಷರಶೈಲಿಯಿಂದ ಪರಿವರ್ತಿಸಿ ಅಂಟಿಸಿದ್ದ. ಅದರಲ್ಲಿ ದೀರ್ಘ ಬಿಡಿಯಾಗಿಯೇ ಉಳಿದಿತ್ತು. ಎರಡು ರೂಪಗಳು ಕೂಡಲಿಲ್ಲ. ಹೆಸರನ್ನು ಅಳಿಸಿ, ಕೀಲಿಮಣೆಯಲ್ಲಿ ಹೊಸದಾಗಿ ಹೊಡೆದೊಡನೆ ತೋಟ ಸಿಕ್ಕಿತು. ಏಕಾರಕ್ಕೂ ಇದೇ ಮಾತು ಸಲ್ಲುತ್ತದೆ. ಅರ್ಕಾವೊತ್ತು ಬೇಡವೆಂದು, ಒತ್ತು ಬೀಳಬಾರದೆಂದು ನಾವು ನಡುವೆ ಸೇರಿಸುವ ಕಾಣದ ಚಿಹ್ನೆಗಳನ್ನಂತೂ ಪೈಥಾನ್ ಹೆಸರಿನೊಳಗೆ ಒಪ್ಪುವುದೇ ಇಲ್ಲ; ಅಲ್ಲಿ ಬರುವುದು ಬೇರೆ ಬಗೆಯ ದೂರು.

ಹೀಗಾದರೆ ಕನ್ನಡದ ಗೊಡವೆಯೇ ಬೇಡ, ಇಂಗ್ಲಿಷಿನಲ್ಲಿಯೇ ಹೆಸರಿಡಿ ಎಂದು ಬುದ್ಧಿ ಹೇಳುವವರುಂಟು. ಕಡತದ ಹೆಸರಿನ ಮಟ್ಟಿಗೆ ಆ ಎಚ್ಚರಿಕೆಯನ್ನು ನಾನು ಒಪ್ಪುತ್ತೇನೆ. ಒಳಗಿನ ಹೆಸರುಗಳ ಮಟ್ಟಿಗೆ ಒಪ್ಪುವುದಿಲ್ಲ. ಮೊಳ, ಮಾಲೆ, ಕೂಲಿ ಎಂದು ಬರೆದದ್ದರಿಂದಲೇ ಆ ತಾಯಿ ಮಗನ ಪಕ್ಕದಲ್ಲಿ ಕೂತು, ‘ಇಲ್ಲಿ ಕೂಲಿ ಎರಡು ಸಲ ಕಳದೀಯಲ್ಲೋ’ ಎಂದು ತಪ್ಪು ಹಿಡಿದರು. ಇಂಗ್ಲಿಷಿನಲ್ಲಿದ್ದರೆ ಆ ತಪ್ಪು ಸುಗ್ಗಿಯವರೆಗೂ ಇರುತ್ತಿತ್ತು.

ಉಳಿದದ್ದು ಅಂತರಜಾಲದ ಪ್ರಶ್ನೆ. ಮಳೆ ಗಾಳಿ ಬಂದರೆ ಕರೆಂಟೂ ಇಲ್ಲ, ಸಂಪರ್ಕವೂ ಇಲ್ಲ. ಪಿಪ್ ಜಾಲವಿಲ್ಲದೆಯೂ ಕೆಲಸ ಮಾಡಬಲ್ಲದೆಂಬುದು ಹಲವರಿಗೆ ತಿಳಿಯದು. ಹೊಸಪೇಟೆಯಲ್ಲೋ ದಾವಣಗೆರೆಯಲ್ಲೋ ಒಳ್ಳೆಯ ಸಂಪರ್ಕವಿರುವ ಕಡೆ ‘ಪಿಪ್ ಡೌನ್‌ಲೋಡ್’ ಎಂದು ಆದೇಶಿಸಿ, ಬೇಕಾದ ಸಮೂಹವನ್ನೂ ಅದು ನಂಬಿದ ಉಳಿದವುಗಳನ್ನೂ ಪೆನ್‌ಡ್ರೈವಿನಲ್ಲಿ ತುಂಬಿ ತರಬಹುದು. ಊರಿನಲ್ಲಿ, ಜಾಲದ ಭಂಡಾರಕ್ಕೆ ಹೋಗಬೇಡ, ಈ ಕೋಶದಲ್ಲಿಯೇ ನೋಡು ಎಂದು ಹೇಳಿ ಹಾಕಿಕೊಳ್ಳಬಹುದು. ಎರಡೂ ಕಡೆ ಪೈಥಾನಿನ ಆವೃತ್ತಿ ಒಂದೇ ಇರಬೇಕು, ಯಂತ್ರದ ಬಗೆಯೂ ಒಂದೇ ಇರಬೇಕು. ವಿಂಡೋಸಿಗೆ ಕಟ್ಟಿದ ಗಂಟು ಉಬುಂಟುವಿನಲ್ಲಿ ಬಿಚ್ಚುವುದಿಲ್ಲ. ನಮ್ಮಲ್ಲಿ ಈಗ ಅಂಥ ಪೆನ್‌ಡ್ರೈವ್ ಒಂದಿದೆ. ವಾರಕ್ಕೊಬ್ಬರಂತೆ ಅದು ಐದು ತಾಲ್ಲೂಕು ತಿರುಗುತ್ತದೆ. ಅದರ ಜೊತೆಗೆ ಒಂದು ಕಾಗದವೂ ಇದೆ. ಒಳಗೆ ಏನೇನಿದೆ, ಯಾವ ಆವೃತ್ತಿಗೆ ಸೇರಿದ್ದು ಎಂದು ಅದರಲ್ಲಿ ಬರೆದಿದೆ. ಕೊನೆಯ ಸಲ ಒಯ್ದವರು ಹರಪನಹಳ್ಳಿಯವರು. ಬರುವ ಸೋಮವಾರ ಅದು ಕೊಟ್ಟೂರಿಗೆ ಹೋಗಬೇಕು.